ಮೋಟರ್ ಓಡಿದ ಗಂಟೆ ಬೇಡ, ಬೆಳೆ ಲೆಕ್ಕ ಹೇಳಿ: ಕೋಡ್ ಬರೆಯೋರ ದಿನ ಸೋರಿಹೋಗುವ ನಾಲ್ಕು ಜಾಗಗಳು

ಸಾಫ್ಟ್‌ವೇರ್ ಕಂಪನಿಗಳಲ್ಲಿ 'ಪ್ರೊಡಕ್ಟಿವಿಟಿ' ಅನ್ನೋ ಪದ ಸಾಮಾನ್ಯವಾಗಿ ಮೇಲಿನವರ ಬಾಯಿಂದ ಬರುತ್ತೆ. ಬಂದಾಗಲೆಲ್ಲ ಅದರ ಅರ್ಥ ಹೆಚ್ಚುಕಮ್ಮಿ ಒಂದೇ: ಇನ್ನೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸಹಸಂಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿ ಅವರು ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಿತ್ತು. ಎರಡು ಸಲವೂ ಚರ್ಚೆ ಗಂಟೆಗಳ ಸುತ್ತಲೇ ಗಿರಕಿ ಹೊಡೆಯಿತು. ಅಷ್ಟು ಗಂಟೆಗಳಲ್ಲಿ ಬೆಳೆದದ್ದೇನು ಅಂತ ಕೇಳಿದವರು ಕಡಿಮೆ.

ಮುಳಬಾಗಿಲು ತಾಲ್ಲೂಕಿನ ನಮ್ಮ ತಾಯಲೂರು ಕಡೆ ರೈತರು ಹೀಗೆ ಲೆಕ್ಕ ಹಾಕಲ್ಲ. ವರ್ಷಪೂರ್ತಿ ಹರಿಯುವ ನದಿ ಇಲ್ಲದ ಜಿಲ್ಲೆ ಕೋಲಾರ. ಇಲ್ಲಿ ಟೊಮೆಟೊ ಬೆಳೆಯೋರು 'ನನ್ನ ಮೋಟರ್ ರಾತ್ರಿಯೆಲ್ಲ ಓಡಿತು' ಅಂತ ಬೀಗೋದಿಲ್ಲ. ಬೋರ್‌ವೆಲ್‌ನಿಂದ ಬಂದಷ್ಟು ನೀರಲ್ಲಿ ಗಿಡದ ಬುಡಕ್ಕೆ ಸೇರಿದ್ದೆಷ್ಟು, ಡ್ರಿಪ್ ಪೈಪು ಎಲ್ಲಿ ಸೋರುತ್ತಿದೆ, ಫಿಲ್ಟರ್ ಎಲ್ಲಿ ಕಟ್ಟಿಕೊಂಡಿದೆ ಅಂತ ನೋಡ್ತಾರೆ. ಕೋಡ್ ಬರೆಯೋರ ದಿನವನ್ನೂ ನೋಡಬೇಕಾದದ್ದು ಹೀಗೆಯೇ.

ನಾನು ಎಂಜಿನಿಯರಿಂಗ್ ಓದಿ, ಕೆಲವು ವರ್ಷ ಕೋಡ್ ಬರೆದು, ಆಮೇಲೆ ಪತ್ರಿಕೋದ್ಯಮಕ್ಕೆ ಬಂದವನು. ಈಗಲೂ ಚುನಾವಣಾ ಫಲಿತಾಂಶ, ಬಜೆಟ್ ಪಟ್ಟಿಗಳನ್ನು ಶುಚಿ ಮಾಡೋಕೆ ವಾರಕ್ಕೆ ಒಂದೆರಡು ದಿನ ಪೈಥಾನ್ ಬರೀತೀನಿ. ಬೆಂಗಳೂರಿನ ಪಿಜಿಯಲ್ಲಿ ಕೂತು ಬರೆಯೋರು, ಊರಿನ ಮನೆಯಿಂದಲೇ ಲಾಗಿನ್ ಆಗೋರು, ಇನ್ನೂ ಕಲಿಯುತ್ತಿರೋರು, ಮೂವರಿಗೂ ಬೇಕಾದಾಗ ತೆಗೆದು ನೋಡೋಕೆ ಆಗುವಂತೆ ಈ ಕೈಪಿಡಿ ಬರೆದಿದ್ದೇನೆ. ಇಲ್ಲಿ ಹೇಳಿರುವ ಟೂಲ್‌ಗಳು ಬಹುತೇಕ ಉಚಿತ, ಬಹುತೇಕ ಮುಕ್ತ ತಂತ್ರಾಂಶ. ಆದರೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಟೂಲ್ ಕಲಿತು ಉಳಿಸಿದ ಒಂದು ಗಂಟೆ ಯಾರ ಪಾಲಾಗಬೇಕು ಅನ್ನೋ ಪ್ರಶ್ನೆ ಬಿಟ್ಟು ಪ್ರೊಡಕ್ಟಿವಿಟಿ ಬಗ್ಗೆ ಮಾತಾಡೋದು ಅರ್ಧ ಮಾತು. ಅದಕ್ಕೆ ಕೊನೆಯಲ್ಲಿ ಬರ್ತೀನಿ.

ಮೊದಲು, ಅಳತೆಗೋಲು

1982ರಲ್ಲಿ ಆಪಲ್ ಕಂಪನಿಯ 'ಲೀಸಾ' ಕಂಪ್ಯೂಟರ್ ತಂಡದಲ್ಲಿ, ವಾರಕ್ಕೆ ಎಷ್ಟು ಸಾಲು ಕೋಡ್ ಬರೆದಿರಿ ಅಂತ ಫಾರಂ ತುಂಬಿಸಿಕೊಳ್ಳೋಕೆ ಶುರುಮಾಡಿದ್ದರು. ಬಿಲ್ ಅಟ್ಕಿನ್ಸನ್ ಆ ವಾರ ಗ್ರಾಫಿಕ್ಸ್ ಕೋಡ್‌ನ ಒಂದು ಭಾಗವನ್ನು ತಿದ್ದಿ ಬರೆದಿದ್ದರು. ಅದು ಮೊದಲಿಗಿಂತ ವೇಗವಾಗಿತ್ತು, ಸರಳವಾಗಿತ್ತು, ಸುಮಾರು 2,000 ಸಾಲು ಚಿಕ್ಕದಾಗಿತ್ತು. ಅವರು ಫಾರಂನಲ್ಲಿ 'ಮೈನಸ್ 2000' ಅಂತ ಬರೆದುಕೊಟ್ಟರು. ಕೆಲವು ವಾರಗಳ ನಂತರ ಅವರಿಂದ ಆ ಫಾರಂ ಕೇಳೋದನ್ನೇ ನಿಲ್ಲಿಸಿದರಂತೆ.

ಈಗ ಉದ್ಯಮದಲ್ಲಿ ಹೆಚ್ಚು ಬಳಕೆಯಲ್ಲಿರೋದು 'ಡೋರಾ' ಅಳತೆಗಳು. ಅವು ಮುಖ್ಯವಾಗಿ ನಾಲ್ಕು: ಬದಲಾವಣೆಗಳು ಎಷ್ಟು ಸಲ ಬಳಕೆದಾರರಿಗೆ ತಲುಪುತ್ತವೆ, ಬರೆದದ್ದು ತಲುಪೋಕೆ ಎಷ್ಟು ಹೊತ್ತು ಬೇಕು, ಎಷ್ಟು ಬದಲಾವಣೆ ಕೆಟ್ಟು ನಿಲ್ಲುತ್ತವೆ, ಕೆಟ್ಟದ್ದು ಸರಿಹೋಗಲು ಎಷ್ಟು ಸಮಯ ಹಿಡಿಯುತ್ತೆ. 2021ರಲ್ಲಿ ನಿಕೋಲ್ ಫೋರ್ಸ್‌ಗ್ರೆನ್ ಮತ್ತು ಸಂಗಡಿಗರು ಮುಂದಿಟ್ಟ 'ಸ್ಪೇಸ್' ಚೌಕಟ್ಟು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೆಲಸ ಮಾಡೋರ ತೃಪ್ತಿ ಮತ್ತು ಆರೋಗ್ಯವನ್ನೂ ಪ್ರೊಡಕ್ಟಿವಿಟಿಯ ಭಾಗ ಅಂತಲೇ ಎಣಿಸಿತು. ಗಮನಿಸಿ, ಕುರ್ಚಿ ಮೇಲೆ ಕೂತ ಗಂಟೆಗಳು ಈ ಎರಡರಲ್ಲೂ ಅಳತೆಗೋಲಲ್ಲ.

ನಿಮ್ಮ ದಿನವನ್ನು ನೀವೇ ಅಳೆಯೋಕೆ ಒಂದು ವಾರ ಸಾಕು. ಕೈ ನಿಂತಾಗಲೆಲ್ಲ ಯಾಕೆ ನಿಂತಿತು ಅಂತ ಒಂದೇ ಪದದಲ್ಲಿ ಬರೆದಿಡಿ. ವಾರದ ಕೊನೆಗೆ ಆ ಪಟ್ಟಿ ನಾಲ್ಕು ಗುಂಪಾಗಿ ಬೀಳುತ್ತೆ: ಹುಡುಕಾಟ, ಕಾಯುವಿಕೆ, ಮರುಕೆಲಸ, ಅಡಚಣೆ. ನೀರು ಸೋರೋ ಜಾಗಗಳು ಇವೇ. ಒಂದೊಂದಾಗಿ ನೋಡೋಣ.

ಸೋರಿಕೆ ಒಂದು: ಹುಡುಕಾಟ

ಹೊಸ ಕೋಡ್ ಬರೆಯೋದಕ್ಕಿಂತ ಹಳೆಯ ಕೋಡ್ ಓದಿ ಅರ್ಥ ಮಾಡ್ಕೊಳ್ಳೋದಕ್ಕೇ ದಿನದ ದೊಡ್ಡ ಪಾಲು ಹೋಗುತ್ತೆ. ಹಾಗಾಗಿ ಟೈಪಿಂಗ್ ವೇಗಕ್ಕಿಂತ ಹುಡುಕುವ ವೇಗ ಮುಖ್ಯ.

ಟರ್ಮಿನಲ್‌ನಲ್ಲಿ ಮೊದಲು ಕಲಿಯಬೇಕಾದದ್ದು ಕಂಟ್ರೋಲ್ ಮತ್ತು ಆರ್ ಕೀಲಿಗಳ ಜೋಡಿ. ಹಿಂದೆ ಕೊಟ್ಟ ಆದೇಶದ ಒಂದು ತುಣುಕು ಟೈಪಿಸಿದರೆ ಪೂರ್ತಿ ಆದೇಶ ಬರುತ್ತೆ. ಮೇಲಿನ ಬಾಣದ ಕೀಲಿಯನ್ನು ಮೂವತ್ತು ಸಲ ಒತ್ತೋ ಕಷ್ಟ ತಪ್ಪುತ್ತೆ. ಇದರ ಜೊತೆ 'ಎಫ್‌ಜೆಡ್‌ಎಫ್' ಹಾಕಿಕೊಂಡರೆ ಫೈಲು, ಆದೇಶ, ಬ್ರಾಂಚ್ ಎಲ್ಲವನ್ನೂ ನಡುವಿನ ಕೆಲವು ಅಕ್ಷರ ಬಿಟ್ಟು ಟೈಪಿಸಿದರೂ ಹುಡುಕಬಹುದು. ಫೈಲುಗಳ ಒಳಗೆ ಹುಡುಕೋಕೆ 'ರಿಪ್‌ಗ್ರೆಪ್' ಬಳಸಿ. ಗಿಟ್ ಕಡೆಗಣಿಸೋ ಕಸದ ಫೋಲ್ಡರುಗಳನ್ನು ಅದೂ ತಾನಾಗಿಯೇ ಬಿಟ್ಟು ಹುಡುಕುತ್ತೆ.

ಎಡಿಟರ್ ಯಾವುದು ಅನ್ನೋ ಜಗಳಕ್ಕೆ ಈಗ ಮೊದಲಿನಷ್ಟು ಅರ್ಥ ಉಳಿದಿಲ್ಲ. 2016ರಲ್ಲಿ ಮೈಕ್ರೋಸಾಫ್ಟ್ 'ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್' ಅನ್ನೋ ಸಾಮಾನ್ಯ ಒಪ್ಪಂದವನ್ನು ಮುಕ್ತವಾಗಿ ಪ್ರಕಟಿಸಿತು. ಅದರಿಂದಾಗಿ ಫಂಕ್ಷನ್‌ನ ಮೂಲಕ್ಕೆ ಜಿಗಿಯೋದು, ಅದು ಎಲ್ಲೆಲ್ಲಿ ಬಳಕೆಯಾಗಿದೆ ಅಂತ ನೋಡೋದು, ಹೆಸರು ಬದಲಿಸಿದರೆ ಎಲ್ಲ ಕಡೆ ಬದಲಾಗೋದು, ಈ ಮೂರೂ ವಿಎಸ್ ಕೋಡ್‌ನಲ್ಲೂ ಸಿಗುತ್ತೆ, ಹಳೆಯ ವಿಮ್, ಇಮ್ಯಾಕ್ಸ್‌ಗಳಲ್ಲೂ ಸಿಗುತ್ತೆ. ನಿಮ್ಮ ಎಡಿಟರ್ ಯಾವುದೇ ಇರಲಿ, ಈ ಮೂರು ಕೆಲಸದ ಕೀಲಿಗಳು ಬೆರಳಿಗೆ ಬಂದಿರಲಿ.

'ಈ ಸಾಲು ಯಾಕಿದೆ?' ಅನ್ನೋ ಪ್ರಶ್ನೆಗೆ ಉತ್ತರ ಗಿಟ್ ಇತಿಹಾಸದಲ್ಲಿರುತ್ತೆ. 'ಗಿಟ್ ಬ್ಲೇಮ್' ಆ ಸಾಲನ್ನು ಕೊನೆಗೆ ಮುಟ್ಟಿದ್ದು ಯಾರು, ಯಾವಾಗ ಅಂತ ತೋರಿಸುತ್ತೆ. 'ಗಿಟ್ ಲಾಗ್'ಗೆ ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟರೆ ಒಂದು ಪದ ಕೋಡ್‌ಗೆ ಮೊದಲ ಸಲ ಬಂದದ್ದು, ಹೋದದ್ದು ಎರಡೂ ಸಿಗುತ್ತೆ. ಇದು ಉಪಯೋಗಕ್ಕೆ ಬರಬೇಕಾದರೆ ಕಮಿಟ್ ಸಂದೇಶದಲ್ಲಿ ಏನು ಮಾಡಿದೆ ಅನ್ನೋದರ ಜೊತೆ ಯಾಕೆ ಮಾಡಿದೆ ಅನ್ನೋದೂ ಇರಬೇಕು. ಏನು ಅನ್ನೋದನ್ನು ಕೋಡೇ ಹೇಳುತ್ತೆ. ಯಾಕೆ ಅನ್ನೋದನ್ನು ನೀವೇ ಹೇಳಬೇಕು.

ಸೋರಿಕೆ ಎರಡು: ಕಾಯುವಿಕೆ

ಬಿಲ್ಡ್ ಮುಗಿಯಲಿ ಅಂತ, ಟೆಸ್ಟ್ ಓಡಲಿ ಅಂತ, ರಿವ್ಯೂ ಆಗಲಿ ಅಂತ ಕಾಯ್ತೀವಿ. ತಾಯಲೂರಿನಂಥ ಕಡೆ ಇದಕ್ಕೆ ಇನ್ನೆರಡು ಸೇರಿಸಿ: ಕರೆಂಟು ಮತ್ತು ನೆಟ್‌ವರ್ಕು. ಬೆಂಗಳೂರಿಂದ ನೂರು ಕಿಲೋಮೀಟರ್ ಆಚೆ ಕೂತು ಕೆಲಸ ಮಾಡೋರಿಗೆ ಒಂದು ಸೂತ್ರ ಸಾಕು. ನೆಟ್ ಇಲ್ಲದಾಗಲೂ ನಡೆಯುವ ಕೆಲಸ ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದು.

ಈ ವಿಷಯದಲ್ಲಿ ಗಿಟ್ ನಿಮ್ಮ ಪಕ್ಷದಲ್ಲಿದೆ. ಲಿನಕ್ಸ್ ಕರ್ನಲ್ ಕೆಲಸಕ್ಕಾಗಿ ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಬರೆಯಲು ಶುರುಮಾಡಿದ ಈ ಟೂಲ್‌ನಲ್ಲಿ ಪೂರ್ತಿ ಇತಿಹಾಸ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇರುತ್ತೆ. ಕಮಿಟ್, ಬ್ರಾಂಚ್, ಹೋಲಿಕೆ, ಹುಡುಕಾಟ ಯಾವುದಕ್ಕೂ ನೆಟ್ ಬೇಡ. ಕಳಿಸೋಕೆ ಮತ್ತು ತರೋಕೆ ಮಾತ್ರ ಬೇಕು. ಹಾಗೆಯೇ ಕೈಪಿಡಿಗಳನ್ನೂ ಇಳಿಸಿಟ್ಟುಕೊಳ್ಳಿ. 'ಝೀಲ್' ಮತ್ತು 'ಡೆವ್‌ಡಾಕ್ಸ್' ಎರಡೂ ಭಾಷೆಗಳ, ಲೈಬ್ರರಿಗಳ ದಾಖಲೆಗಳನ್ನು ಆಫ್‌ಲೈನ್ ಇಡುತ್ತವೆ.

ದೂರದ ಸರ್ವರ್‌ನಲ್ಲಿ ಕೆಲಸ ಮಾಡೋರು 'ಟಿಮಕ್ಸ್' ಕಲಿಯಿರಿ. ನಿಮ್ಮ ನೆಟ್ ಕಡಿದುಹೋದರೂ ಅಲ್ಲಿ ಓಡುತ್ತಿದ್ದ ಕೆಲಸ ನಿಲ್ಲಲ್ಲ, ಮತ್ತೆ ಸೇರಿಕೊಂಡಾಗ ಬಿಟ್ಟ ಜಾಗದಲ್ಲೇ ಇರುತ್ತೆ. ಅಮೆರಿಕದ ಎಂಐಟಿಯಿಂದ 2012ರಲ್ಲಿ ಬಂದ 'ಮಾಶ್' ಇನ್ನೂ ಒಂದು ಉಪಕಾರ ಮಾಡುತ್ತೆ. ವೈಫೈಯಿಂದ ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಿಸಿದರೂ ಸಂಪರ್ಕ ಕಡಿಯೋದಿಲ್ಲ. ಆದರೆ ಸರ್ವರ್‌ನಲ್ಲೂ ಅದು ಇರಬೇಕು.

ಹಾರ್ಡ್‌ವೇರ್ ಸಲಹೆ ಒಂದೇ: ರೌಟರ್‌ಗೆ ಅಂತಲೇ ಸಿಗೋ ಪುಟ್ಟ ಯುಪಿಎಸ್. ಸಾಮಾನ್ಯ ರೌಟರ್ 12 ವೋಲ್ಟ್‌ನಲ್ಲಿ ಬಹಳ ಕಡಿಮೆ ವಿದ್ಯುತ್ ತಗೊಳ್ಳುತ್ತೆ. ಹಾಗಾಗಿ ಅಂಗೈಯಗಲದ ಬ್ಯಾಟರಿ ಅದನ್ನು ಗಂಟೆಗಟ್ಟಲೆ ನಡೆಸುತ್ತೆ. ಲ್ಯಾಪ್‌ಟಾಪ್‌ಗೆ ಅದರದೇ ಬ್ಯಾಟರಿ ಇದೆ. ಮನೆಗೆಲ್ಲ ಇನ್ವರ್ಟರ್ ಹಾಕಿಸೋ ಖರ್ಚಿಗಿಂತ ಮೊದಲು ಇದನ್ನು ನೋಡಿ.

ಟೆಸ್ಟ್‌ಗಳ ವಿಷಯ: ಪ್ರತಿ ಸಲ ಎಲ್ಲವನ್ನೂ ಓಡಿಸಬೇಡಿ. ಪೈಥಾನ್‌ನ 'ಪೈಟೆಸ್ಟ್'ನಲ್ಲಿ ಹಿಂದಿನ ಸಲ ಸೋತವನ್ನು ಮಾತ್ರ ಓಡಿಸೋ ಆಯ್ಕೆ ಇದೆ, ಬೇರೆ ಭಾಷೆಗಳಲ್ಲೂ ಇಂಥದ್ದು ಸಿಗುತ್ತೆ. ಪೂರ್ತಿ ಟೆಸ್ಟ್ ಕಳಿಸುವ ಮುಂಚೆ ಓಡಿಸಿದರೆ ಸಾಕು. ಅರ್ಧ ಕೆಲಸದಲ್ಲಿರುವಾಗ ತುರ್ತು ಬಗ್ ಬಂದರೆ 'ಗಿಟ್ ವರ್ಕ್‌ಟ್ರೀ' ಬಳಸಿ. ಅದೇ ಕೋಡ್ ಇನ್ನೊಂದು ಫೋಲ್ಡರಿನಲ್ಲಿ ಇನ್ನೊಂದು ಬ್ರಾಂಚ್ ಆಗಿ ತೆರೆದುಕೊಳ್ಳುತ್ತೆ, ನಿಮ್ಮ ಅರ್ಧ ಕೆಲಸ ಅಲುಗಾಡಲ್ಲ. ರಿವ್ಯೂಗೆ ಕಾಯೋದು ಕಡಿಮೆ ಆಗಬೇಕಾದರೆ ಕಳಿಸೋದನ್ನು ಚಿಕ್ಕದು ಮಾಡಿ. ಐವತ್ತು ಸಾಲಿನ ಬದಲಾವಣೆಯನ್ನು ಸಹೋದ್ಯೋಗಿ ಟೀ ಕುಡಿಯೋ ಮುಂಚೆ ನೋಡ್ತಾರೆ. ಸಾವಿರ ಸಾಲಿನದ್ದನ್ನು ನಾಳೆಗೆ ಇಡ್ತಾರೆ, ನಾಳೆ ನೋಡದೇ ಒಪ್ತಾರೆ.

ಸೋರಿಕೆ ಮೂರು: ಮರುಕೆಲಸ

ಯಂತ್ರ ಮಾಡಬಹುದಾದ ತಿದ್ದುಪಡಿಯನ್ನು ಮನುಷ್ಯರ ಕೈಲಿ ಮಾಡಿಸಬೇಡಿ. ಫಾರ್ಮ್ಯಾಟರ್, ಲಿಂಟರ್ ಎರಡನ್ನೂ ಕಮಿಟ್‌ಗೆ ಮುಂಚೆ ತಾನಾಗಿಯೇ ಓಡುವಂತೆ ಹುಕ್ ಹಾಕಿ. ಅಲ್ಪವಿರಾಮ, ಖಾಲಿ ಜಾಗದ ಬಗೆಗಿನ ವಾದವಿವಾದ ತಂಡದಿಂದಲೇ ಮಾಯವಾಗುತ್ತೆ. 'ಗಿಟ್ ಆಡ್'ಗೆ ಪಿ ಆಯ್ಕೆ ಕೊಟ್ಟು, ಬದಲಾವಣೆಗಳನ್ನು ತುಂಡು ತುಂಡಾಗಿ ನೋಡಿ ಸೇರಿಸೋ ಅಭ್ಯಾಸ ಮಾಡ್ಕೊಳ್ಳಿ. ಮರೆತುಹೋದ ಪ್ರಿಂಟ್ ಸಾಲು, ಪಾಸ್‌ವರ್ಡ್ ಅಲ್ಲೇ ಕಣ್ಣಿಗೆ ಬೀಳುತ್ತವೆ.

ಬಗ್ ಬಂದಾಗ ಮೊದಲ ಕೆಲಸ ತಿದ್ದೋದಲ್ಲ, ಅದನ್ನು ಬೇಕೆಂದಾಗ ಮತ್ತೆ ಬರಿಸೋದು. ಎರರ್ ಸಂದೇಶವನ್ನು ಪೂರ್ತಿ ಓದಿ. ಪೈಥಾನ್‌ನಲ್ಲಾದರೆ ಕೊನೆಯ ಸಾಲಿನಿಂದ ಮೇಲಕ್ಕೆ ಓದಿ. ಹೋದ ತಿಂಗಳು ಸರಿಯಿದ್ದದ್ದು ಈಗ ಕೆಟ್ಟಿದ್ದರೆ 'ಗಿಟ್ ಬೈಸೆಕ್ಟ್' ಇದೆ. ಸರಿಯಿದ್ದ ಒಂದು ಕಮಿಟ್, ಕೆಟ್ಟ ಒಂದು ಕಮಿಟ್ ತೋರಿಸಿದರೆ, ನಡುವೆ ಅರ್ಧಕ್ಕೆ ಅರ್ಧ ಕತ್ತರಿಸುತ್ತ ಹೋಗುತ್ತೆ. ಸಾವಿರ ಕಮಿಟ್ ಇದ್ದರೂ ಸುಮಾರು ಹತ್ತು ಪರೀಕ್ಷೆಯಲ್ಲಿ ತಪ್ಪಿತಸ್ಥ ಕಮಿಟ್ ಸಿಗುತ್ತೆ. ಆಮೇಲೆ ಆ ಬಗ್‌ಗೊಂದು ಟೆಸ್ಟ್ ಬರೆದಿಡಿ, ಅದು ಸದ್ದಿಲ್ಲದೆ ವಾಪಸ್ ಬರೋಕಾಗಲ್ಲ.

ಕನ್ನಡದ ದತ್ತಾಂಶ ಮುಟ್ಟೋರಿಗೆ ಮರುಕೆಲಸದ ದೊಡ್ಡ ಮೂಲ ಬೇರೆಯೇ ಇದೆ. ಯುನಿಕೋಡ್‌ನಲ್ಲಿ 'ಕೃಷ್ಣ' ನಮ್ಮ ಕಣ್ಣಿಗೆ ಎರಡು ಅಕ್ಷರ, ಪೈಥಾನ್ ಎಣಿಕೆಗೆ ಐದು, ಯುಟಿಎಫ್-8ರಲ್ಲಿ ಡಿಸ್ಕಿನ ಮೇಲೆ 15 ಬೈಟ್. ಹೆಸರಿನ ಮೊದಲ ಅಕ್ಷರ ತೆಗೆಯೋ ಕೋಡ್ ಕುರುಡಾಗಿ ಕತ್ತರಿಸಿದರೆ 'ಕೃ' ಹೋಗಿ 'ಕ' ಉಳಿಯುತ್ತೆ. 'ಕೊ' ಅನ್ನೋ ಅಕ್ಷರದ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡು ಚಿಹ್ನೆ ಸೇರಿಸಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. 'ಕೊಡಗು' ಅಂತ ಹುಡುಕಿದರೆ ಅರ್ಧ ದಾಖಲೆ ಸಿಗದೇ ಹೋಗೋದು ಹೀಗೆ. 'ಸಾಫ್ಟ್‌ವೇರ್' ಅನ್ನೋ ಪದದ ನಡುವೆಯೇ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿದೆ, ಕೆಲವರು ಟೈಪಿಸುವಾಗ ಅದನ್ನು ಬಿಟ್ಟಿರ್ತಾರೆ. ಇನ್ನು ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪಾದ ಕಡತಗಳು ಯುನಿಕೋಡೇ ಅಲ್ಲ, ಮೊದಲು ಪರಿವರ್ತಿಸಬೇಕು.

ಪರಿಹಾರ ಮೂರು ಸಾಲಿನದ್ದು. ಒಳಗೆ ಬರುವ ಪಠ್ಯವನ್ನೆಲ್ಲ ಮೊದಲು 'ಎನ್‌ಎಫ್‌ಸಿ' ರೂಪಕ್ಕೆ ತನ್ನಿ. ಅಕ್ಷರ ಕತ್ತರಿಸೋಕೆ 'ಗ್ರಾಫೀಮ್' ಅರಿತ ಲೈಬ್ರರಿ ಬಳಸಿ. ಟೆಸ್ಟ್‌ನ ಮಾದರಿ ಹೆಸರುಗಳಲ್ಲಿ 'ಕೃಷ್ಣ', 'ಲಕ್ಷ್ಮಿ', 'ಕೊಂಡಪ್ಪ' ಇರಲಿ. ಪಡಿತರ ಪಟ್ಟಿಯಲ್ಲೋ ವಿದ್ಯಾರ್ಥಿವೇತನದ ಅರ್ಜಿಯಲ್ಲೋ ಹೆಸರು ಹೊಂದಾಣಿಕೆಯಾಗದೆ ಒಬ್ಬರಿಗೆ ಸಿಗಬೇಕಾದ್ದು ಸಿಗದೇ ಹೋದರೆ, ಅದನ್ನು 'ಮರುಕೆಲಸ' ಅಂತ ಕರೆದು ಸುಮ್ಮನಾಗೋಕೆ ಬರಲ್ಲ.

ಸೋರಿಕೆ ನಾಲ್ಕು: ಅಡಚಣೆ

2009ರಲ್ಲಿ ಪಾಲ್ ಗ್ರಹಾಂ ಬರೆದ ಪ್ರಬಂಧವೊಂದು ಈ ಸಮಸ್ಯೆಗೆ ಒಳ್ಳೆಯ ವಿವರಣೆ ಕೊಟ್ಟಿತು. ಮ್ಯಾನೇಜರ್ ದಿನ ಗಂಟೆಗಂಟೆಯ ಹೋಳುಗಳಾಗಿರುತ್ತೆ, ಏನಾದರೂ ಕಟ್ಟೋರ ದಿನಕ್ಕೆ ಕನಿಷ್ಠ ಅರ್ಧ ದಿನದ ತುಂಡು ಬೇಕು. ಮಧ್ಯಾಹ್ನದ ನಡುವೆ ಬಂದು ಕೂತ ಅರ್ಧ ಗಂಟೆಯ ಮೀಟಿಂಗು ಇಡೀ ಮಧ್ಯಾಹ್ನವನ್ನು ತಿಂದುಹಾಕುತ್ತೆ.

ಕೈಯಲ್ಲಿರೋದು ಇಷ್ಟು. ದಿನಕ್ಕೊಂದು ಎರಡು ಗಂಟೆಯ ತುಂಡನ್ನು ಕ್ಯಾಲೆಂಡರ್‌ನಲ್ಲಿ ಬೇಲಿ ಹಾಕಿ ಕಾಯ್ದುಕೊಳ್ಳಿ, ಆಗ ಚಾಟ್ ಸದ್ದು ಬಂದ್. ಸಂದೇಶಗಳಿಗೆ ದಿನಕ್ಕೆ ಮೂರು ಹೊತ್ತು ಒಟ್ಟಿಗೆ ಉತ್ತರಿಸಿ. ಪ್ರಶ್ನೆ ಕೇಳುವಾಗ ಬರೀ 'ಹಾಯ್' ಕಳಿಸಿ ಕಾಯಬೇಡಿ. ಏನು ಮಾಡಿದಿರಿ, ಏನಾಯಿತು, ಏನು ನಿರೀಕ್ಷೆ ಇತ್ತು, ಮೂರನ್ನೂ ಒಂದೇ ಸಲ ಬರೆಯಿರಿ. ಒಂದೇ ಸಮಸ್ಯೆಯಲ್ಲಿ ಅರ್ಧ ಗಂಟೆ ಸಿಕ್ಕಿಬಿದ್ದರೆ ಕೇಳಿಬಿಡಿ, ನಾಚಿಕೆ ಬೇಡ. ಎದ್ದು ಹೋಗುವ ಮುಂಚೆ ಮುಂದಿನ ಹೆಜ್ಜೆಯನ್ನು ಒಂದು ಸಾಲಲ್ಲಿ ಬರೆದಿಡಿ, ಇಲ್ಲವೇ ಸೋಲುತ್ತಿರುವ ಒಂದು ಟೆಸ್ಟ್ ಬಿಟ್ಟು ಹೋಗಿ. ಬೆಳಿಗ್ಗೆ ಎಲ್ಲಿಂದ ಶುರು ಅನ್ನೋ ತಡಕಾಟ ಇರಲ್ಲ.

ಊರಿನ ಮನೆಯ ಅಡಚಣೆ ಬೇರೆ ಥರ. 'ಮನೇಲೇ ಇದೀಯಲ್ಲ, ಡೇರಿಗೆ ಹಾಲು ಹಾಕ್ಬಿಟ್ಟು ಬಾ' ಅನ್ನೋದಕ್ಕೆ ಯಾವ ಆ್ಯಪ್ ಇಲ್ಲ. ಡೇರಿ ಹೊತ್ತು, ಊಟದ ಹೊತ್ತುಗಳನ್ನು ಲೆಕ್ಕಕ್ಕೆ ತಗೊಂಡೇ ದಿನ ಜೋಡಿಸೋದು ಜಾಣತನ. ಹೆಣ್ಣುಮಕ್ಕಳಿಗೆ ಇದು ಬರೀ ಡೇರಿಯಲ್ಲ. ಲ್ಯಾಪ್‌ಟಾಪ್ ತೆರೆದಿದ್ದರೂ ಒಲೆ, ಮಗು, ಬಂದ ನೆಂಟರು ಎಲ್ಲ ಅವರದೇ ಜವಾಬ್ದಾರಿ ಅಂದುಕೊಳ್ಳುವ ಮನೆಯಲ್ಲಿ ಎರಡು ಗಂಟೆಯ ತುಂಡು ಸಿಗಬೇಕಾದರೆ ಕೆಲಸ ಹಂಚಿಕೊಳ್ಳಬೇಕಾದವರು ಮನೆಯ ಗಂಡಸರು.

ಎಐ: ಅನಿಸಿದ್ದು ಬೇರೆ, ಆದದ್ದು ಬೇರೆ

ಈಗ ಎಲ್ಲರೂ ಕೇಳೋದು ಎಐ ಸಹಾಯಕರ ಬಗ್ಗೆ. 2025ರ ಜುಲೈನಲ್ಲಿ 'ಮೀಟರ್' ಅನ್ನೋ ಸಂಶೋಧನಾ ಸಂಸ್ಥೆ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ತಾವೇ ವರ್ಷಗಳಿಂದ ನೋಡಿಕೊಂಡು ಬಂದ ಮುಕ್ತ ತಂತ್ರಾಂಶ ಯೋಜನೆಗಳಲ್ಲಿ 16 ಅನುಭವಿ ಡೆವಲಪರ್‌ಗಳು 246 ಕೆಲಸ ಮಾಡಿದರು, ಕೆಲವಕ್ಕೆ ಎಐ ಉಂಟು, ಕೆಲವಕ್ಕೆ ಇಲ್ಲ. ಎಐಯಿಂದ ಸಮಯ ಶೇ 24ರಷ್ಟು ಉಳಿಯುತ್ತೆ ಅಂತ ಅವರು ಮೊದಲು ಅಂದಾಜಿಸಿದ್ದರು. ಮುಗಿದ ಮೇಲೂ ಶೇ 20ರಷ್ಟು ಉಳಿಯಿತು ಅಂತಲೇ ನಂಬಿದ್ದರು. ಗಡಿಯಾರ ಹೇಳಿದ್ದು ಬೇರೆ: ಶೇ 19ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಇದು ಸಣ್ಣ ಪ್ರಯೋಗ, ಟೂಲ್‌ಗಳು ಅಲ್ಲಿಂದೀಚೆಗೆ ಬದಲಾಗಿವೆ, ಹೊಸ ಭಾಷೆ ಕಲಿಯೋರಿಗೆ ಲೆಕ್ಕ ಬೇರೆ ಇರಬಹುದು. ಆದರೆ ಪಾಠ ಉಳಿಯುತ್ತೆ: ವೇಗವಾಗಿ ಹೋದಂತೆ ಅನಿಸೋದೇ ಬೇರೆ, ಬೇಗ ತಲುಪೋದೇ ಬೇರೆ.

ಹಾಗಾಗಿ ಟೆಸ್ಟ್ ಇರುವ ಕಡೆ, ಚಿಕ್ಕ ಕೆಲಸಗಳಿಗೆ ಬಳಸಿ. ಬಂದ ಪ್ರತಿ ಸಾಲು ಓದಿ. ವಿವರಿಸಲಾಗದ ಸಾಲನ್ನು ಕಮಿಟ್ ಮಾಡಬೇಡಿ. ಪಾಸ್‌ವರ್ಡ್, ಜನರ ಖಾಸಗಿ ದತ್ತಾಂಶ ಅಂಟಿಸಬೇಡಿ. ಎರಡು ವಾರ ನಿಮ್ಮದೇ ಗಡಿಯಾರದಲ್ಲಿ ಅಳೆದು ಆಮೇಲೆ ತೀರ್ಮಾನಕ್ಕೆ ಬನ್ನಿ.

ಉಳಿದ ಗಂಟೆ ಯಾರದು?

ವಾರಕ್ಕೊಂದು ಅಭ್ಯಾಸದಂತೆ ಕಲಿತರೆ ಮೂರು ತಿಂಗಳಲ್ಲಿ ಮೇಲಿನದ್ದೆಲ್ಲ ಕೈಗೆ ಬರುತ್ತೆ. ದಿನಕ್ಕೊಂದು ಗಂಟೆ ಉಳಿಯಿತು ಅಂದುಕೊಳ್ಳಿ. ಆ ಗಂಟೆಗೆ ಇನ್ನೊಂದು ಟಿಕೆಟ್ ಬಂದು ಕೂತರೆ, ನೀವು ಪೈಪಿನ ತೂತು ಮುಚ್ಚಿದ್ದು ಪಕ್ಕದ ತೋಟಕ್ಕೆ ನೀರು ಬಿಡೋಕೆ ಅಂತಾಯಿತು.

ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಹಾಕಿದ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿ ದಿನಕ್ಕೆ 10 ದಾಟಬಾರದು, ಓವರ್‌ಟೈಮ್‌ಗೆ ಎರಡರಷ್ಟು ಕೂಲಿ. ಆಡಳಿತ ಹುದ್ದೆಯವರಿಗೆ ಇದು ಅನ್ವಯಿಸಲ್ಲ, ಆದ್ದರಿಂದ ನಿಮ್ಮ ನೇಮಕಾತಿ ಪತ್ರದಲ್ಲಿ ಹುದ್ದೆಗೆ ಏನು ಹೆಸರಿಟ್ಟಿದ್ದಾರೆ ನೋಡಿ. 2024ರ ಜುಲೈನಲ್ಲಿ ಐಟಿ ವಲಯದ ದಿನದ ದುಡಿಮೆಯನ್ನು 14 ಗಂಟೆವರೆಗೆ ಒಯ್ಯುವ ಪ್ರಸ್ತಾಪದ ಸುದ್ದಿ ಬಂದಾಗ, 2025ರ ಜೂನ್‌ನಲ್ಲಿ ಓವರ್‌ಟೈಮ್ ಸೇರಿ 12 ಗಂಟೆಗೆ ಏರಿಸುವ ಮಾತು ಬಂದಾಗ, ಎರಡು ಸಲವೂ ವಿರೋಧಿಸಿದ್ದು ಐಟಿ ನೌಕರರ ಸಂಘ ಕೆಐಟಿಯು.

ಕಂಪನಿ ಹಾಕೋ 'ಪ್ರೊಡಕ್ಟಿವಿಟಿ ಟೂಲ್' ಕೆಲವೊಮ್ಮೆ ಮೌಸ್ ಎಷ್ಟು ಅಲುಗಾಡಿತು ಅಂತ ಎಣಿಸುತ್ತೆ, ಪರದೆಯ ಚಿತ್ರ ತೆಗೆಯುತ್ತೆ. ಇದು ಮೋಟರ್ ಓಡಿದ ಗಂಟೆ ಎಣಿಸೋ ಮೀಟರಷ್ಟೇ, ಬೆಳೆಯ ಸುದ್ದಿ ಅದಕ್ಕೆ ಗೊತ್ತಿಲ್ಲ. ನಮ್ಮ ಜಿಲ್ಲೆಗೆ ಇದು ಹೊಸದೂ ಅಲ್ಲ. 1930ರಲ್ಲಿ ಕೆಜಿಎಫ್ ಚಿನ್ನದ ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದು ಕಂಪನಿಗಳು ತಂದ ಬೆರಳಚ್ಚು ನೋಂದಣಿ ವಿರುದ್ಧ. ದುಡಿಮೆ ಕೊಡ್ತೀವಿ, ಮೈಯ ಗುರುತು ಕೊಡಲ್ಲ ಅನ್ನೋ ಗೆರೆ ಎಳೆಯೋಕೆ ಅವರಿಗೆ ಲ್ಯಾಪ್‌ಟಾಪ್ ಬೇಕಿರಲಿಲ್ಲ.

ಆದ್ದರಿಂದ ಪಟ್ಟಿಯ ಕೊನೆಯ ಅಭ್ಯಾಸ ಇದು. ಲಾಗಿನ್ ಆದ ಹೊತ್ತು, ಮುಗಿಸಿದ ಹೊತ್ತು ಎರಡನ್ನೂ ನಿಮ್ಮದೇ ಡೈರಿಯಲ್ಲಿ ದಿನಾ ಬರೆದಿಡಿ. ಅಂದಾಜು ಕೇಳಿದಾಗ ಆ ಡೈರಿ ನೋಡಿ ಹೇಳಿ, ಹೆಚ್ಚುವರಿ ಗಂಟೆ ಕೇಳಿದಾಗ ಅದನ್ನೇ ಮುಂದಿಡಿ. ಒಬ್ಬರ ಡೈರಿ ದೂರು ಅನಿಸಿಕೊಳ್ಳಬಹುದು. ತಂಡದ ಹತ್ತು ಜನ ಬರೆದಿಟ್ಟರೆ ಅದು ದಾಖಲೆ.